ಕಿಮೋ ಮುಗಿಸಿದವರನ್ನು ಕಾರಲ್ಲಿ ಮನೆ ಮುಟ್ಟಿಸುವುದು ಹೇಗೆ?

ಗದಗಿನಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಸುಮಾರು 60 ಕಿ.ಮೀ. ಗಾಡಿ ಓಡಿಸೋಕೆ ಬಂದರೆ ಸಾಕು ಎಂದುಕೊಂಡು, ರೋಗಿಗಳನ್ನು ತಮ್ಮ ಕಾರಲ್ಲಿ ಕರೆದೊಯ್ದು ವಾಪಸ್ ಬಿಡುವ ಸೇವೆಗೆ ಬರುವವರೇ ಜಾಸ್ತಿ. ಹೋಗುವಾಗ ಸಾಕು, ನಿಜ. ಎಡವಟ್ಟಾಗುವುದೆಲ್ಲ ವಾಪಸ್ ಬರುವಾಗ.

ಹಿಂದಿನ ದಿನ ರೋಗಿಯ ಮನೆಗೆ ಫೋನ್ ಮಾಡಿ, ಕಿಮೋನಾ (ಕ್ಯಾನ್ಸರ್ ಔಷಧ ಏರಿಸುವುದು) ರೇಡಿಯೇಷನ್ನಾ (ಕಿರಣ ಹಾಯಿಸುವುದು) ಕೇಳಿಕೊಳ್ಳಿ. ರೇಡಿಯೇಷನ್ ಕೆಲವೇ ನಿಮಿಷದ್ದು, ಆದರೆ ಸಾಮಾನ್ಯವಾಗಿ ವಾರಕ್ಕೆ 5 ದಿನ, ಹಲವು ವಾರ ಇರುತ್ತದೆ. ಒಬ್ಬರೇ ಒಪ್ಪಿಕೊಳ್ಳಬೇಡಿ, ಇಬ್ಬರು ಮೂವರು ಹಂಚಿಕೊಳ್ಳಿ. ಕಿಮೋ ಎಂದರೆ ಮುಗಿಯುವಷ್ಟರಲ್ಲಿ ಸಂಜೆಯೂ ಆಗಬಹುದು. ಅವತ್ತು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಿಮಗೆ ನೆಗಡಿ ಇದ್ದರೆ ಬೇರೆಯವರನ್ನು ಕಳಿಸಿ.

ಕಾರಿನ ಸೆಂಟ್ ಡಬ್ಬಿಯನ್ನು ಹಿಂದಿನ ರಾತ್ರಿಯೇ ತೆಗೆದು ಗಾಜು ಇಳಿಸಿಡಿ. ಅದರಲ್ಲೂ ಮಲ್ಲಿಗೆ ವಾಸನೆಯದ್ದು ಬೇಡವೇ ಬೇಡ. ಆರಾಮಿದ್ದವರಿಗೇ ಹೊಟ್ಟೆ ತೊಳಸುತ್ತದೆ.

ಈಗ ವಾಪಸ್ ದಾರಿ. ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂರಿಸಿ. ಎದೆಗೆ ಆಪರೇಷನ್ ಆಗಿದ್ದರೆ, ಇಲ್ಲವೇ ಎದೆ ಹತ್ತಿರ ಪೋರ್ಟ್ (ಔಷಧ ಏರಿಸಲು ಚರ್ಮದಡಿ ಕೂರಿಸುವ ಪುಟ್ಟ ಡಬ್ಬಿ) ಹಾಕಿದ್ದರೆ, ಬೆಲ್ಟಿನ ಕೆಳಗೆ ಮೆತ್ತನೆ ಟವೆಲ್ ಮಡಚಿಡಿ. ಬೆಲ್ಟ್ ಮಾತ್ರ ಬಿಡಿಸಬೇಡಿ. ಎಸಿ ಹಾಕುವ ಮೊದಲು ಕೇಳಿ. ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧ ಹೋಗಿದ್ದರೆ ತಣ್ಣನೆ ಗಾಳಿಗೆ ಬೆರಳು ಜುಮ್ಮೆನ್ನುತ್ತವೆ, ಫ್ರಿಜ್ ನೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಸಾದಾ ನೀರು ಇಟ್ಟುಕೊಳ್ಳಿ.

ವಾಂತಿ ಬರುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೊಬ್ಬರ ಗಾಡಿ, ಸಂಕೋಚ. ‘ಏನೂ ಆಗಿಲ್ರಿ, ನಡೀರಿ’ ಅನ್ನುತ್ತಾರೆ. ಕನ್ನಡಿಯಲ್ಲಿ ನೋಡುತ್ತಿರಿ. ಮಾತಾಡುತ್ತಿದ್ದವರು ಸುಮ್ಮನಾದರೆ, ಮತ್ತೆ ಮತ್ತೆ ಉಗುಳು ನುಂಗಿದರೆ, ಸೆರಗು ಬಾಯಿಗೆ ಹೋದರೆ, ಕೇಳುತ್ತಾ ಕೂರದೆ ಗಾಡಿ ಬದಿಗೆ ಹಾಕಿ. ಕೈಗೆ ಸಿಗುವಂತೆ ಮುಚ್ಚಳದ ಡಬ್ಬಿ ಇರಲಿ. ಅಂಗಡಿಯ ತೆಳು ಕ್ಯಾರಿಬ್ಯಾಗ್ ನಂಬಬೇಡಿ, ತಳದಲ್ಲಿ ತೂತಿರುತ್ತದೆ, ಸೀಟೆಲ್ಲ ಹಾಳು.

ಹತ್ತು ನಿಮಿಷ ಉಳಿಯುತ್ತದೆ ಅಂತ ಹಳ್ಳಿಯೊಳಗಿನ ದಾರಿ ಹಿಡಿಯಬೇಡಿ. ಒಂದೊಂದು ರಸ್ತೆ ಉಬ್ಬಿಗೂ ಅವರ ಹೊಟ್ಟೆ ಬಾಯಿಗೆ ಬರುತ್ತದೆ. ಹೆದ್ದಾರಿಯಲ್ಲೇ, ಒಂದೇ ವೇಗದಲ್ಲಿ ಹೋಗಿ. ಅಣ್ಣಿಗೇರಿಯಲ್ಲಿ ಮಿರ್ಚಿ ಭಜಿ ಘಮ್ಮೆಂದರೂ ನಿಲ್ಲಿಸಬೇಡಿ. ನಿಮ್ಮ ಸಂಬಂಧಿಕರಿಗೂ ಇದೇ ಕಾಯಿಲೆ ಇತ್ತು ಅನ್ನುವ ಕಥೆಯಂತೂ ತೆಗೆಯಲೇಬೇಡಿ.

ದುಡ್ಡು ಕೊಡಲು ಬರುತ್ತಾರೆ. ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆ ತಗೊಳ್ಳುವಂತಿಲ್ಲ, ಅಪಘಾತವಾದರೆ ವಿಮೆಗೂ ತಕರಾರು. ಚಹಾ ಕುಡಿದು ಬನ್ನಿ, ಸಾಕು.

ಇಳಿಸುವಾಗ ಫೈಲು, ಮಾತ್ರೆ ಚೀಲ ಮನೆಯವರ ಕೈಗೇ ಕೊಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಫೋನ್ ಮಾಡಲು ಹೇಳಿ. ಥರ್ಮಾಮೀಟರ್ ಇದೆಯಾ ಅಂತಲೂ ಕೇಳಿ, ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.