ತೊಗರಿ ಗೋಡೆಯ 30×40 ಮನೆ

ಮಾಲೂರು ಕಡೆ ಈಗ ರಾಗಿ ಹೊಲದ ಬದುವಿನವರೆಗೂ ಹಳದಿ ಬಳಿದ ಸೈಟ್ ಕಲ್ಲುಗಳು ಬಂದು ನಿಂತಿವೆ. ನಮ್ಮ ಚಿಕ್ಕಪ್ಪನ ಹೊಲವೂ ಅಂಥದ್ದೇ. ಬೆಂಗಳೂರು ಮತ್ತು ಅದರ ಅಂಚಿನ ಬಗ್ಗೆ ಒಂದು ಇನ್‌ಸ್ಟಲೇಷನ್, ಅಂದರೆ ಜನ ಒಳಗೆ ಓಡಾಡಿ ನೋಡುವಂಥ ಕಲಾಕೃತಿ, ಮಾಡಬೇಕು ಅನ್ನಿಸಿದಾಗ ನಾನು ಗ್ಯಾಲರಿ ಹುಡುಕಲಿಲ್ಲ. ಆ ಹೊಲದಲ್ಲೇ 30×40 ಮನೆಯೊಂದನ್ನು ನಿಜವಾದ ಅಳತೆಯಲ್ಲಿ ಬೆಳೆಯೋಣ ಎಂದುಕೊಂಡೆ. 1200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ.

ಕೋಣೆಗಳೆಲ್ಲ ರಾಗಿ, ಗೋಡೆಗಳೆಲ್ಲ ತೊಗರಿ. ನಮ್ಮ ಕಡೆ ರಾಗಿಯ ನಡುವೆ ತೊಗರಿ, ಅವರೆ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಹಾಕುವುದು ಹಿಂದಿನಿಂದಲೂ ಇದೆ. ಆ ಸಾಲನ್ನೇ ಮನೆ ಪ್ಲಾನಿನಂತೆ ತಿರುಗಿಸಿದೆ.

ಮಾರ್ಕಿಂಗ್ ಮಾಡಿಕೊಟ್ಟವರು ಮನೆ ಕಟ್ಟುವ ಮೇಸ್ತ್ರಿಯೇ. ಗೂಟ, ದಾರ, ಸುಣ್ಣದ ಪುಡಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದಾಗ ಎರಡೂ ಕಡೆ 50 ಅಡಿ ಬಂತು, ಅಂದರೆ ಮೂಲೆಮಟ್ಟ ಸರಿ. ಜುಲೈ ಮಳೆಗೆ ಬಿತ್ತಿದೆವು. ಬಾಗಿಲು ಬರುವ ಕಡೆ ಬೀಜ ಹಾಕಲಿಲ್ಲ.

ತೊಗರಿ ಮೊದಮೊದಲು ತುಂಬಾ ನಿಧಾನ. ರಾಗಿ ಮೇಲೆದ್ದು ಗೋಡೆಯನ್ನೇ ಮುಚ್ಚಿಬಿಡುತ್ತದೆ. ಆಗ ಅಲ್ಲೊಂದು ಮನೆ ಇದೆ ಅಂತ ಪ್ಲಾನ್ ಹಾಕಿದವರಿಗೆ ಮಾತ್ರ ಗೊತ್ತು. ಅವಸರ ಪಡಬಾರದು. ತೆನೆ ಬಲಿಯುವ ಹೊತ್ತಿಗೆ ತೊಗರಿ ಎದೆಮಟ್ಟ ಬರುತ್ತದೆ. ರಾಗಿ ಕೊಯ್ದ ಮೇಲೆ ಕೋಣೆಗಳು ಖಾಲಿಯಾಗಿ, ಹಳದಿ ಹೂ ಬಿಟ್ಟ ಗೋಡೆಗಳಷ್ಟೇ ನಿಲ್ಲುತ್ತವೆ. ಜನರನ್ನು ಕರೆದದ್ದು ಆಗಲೇ.

ಬೆಂಗಳೂರಿನಿಂದ ರೈಲಿನಲ್ಲಿ ಬಂದ ಗೆಳೆಯರು ಹಾಲ್ ಯಾವುದು, ಕಿಚನ್ ಯಾವುದು ಅಂತ ಕೂಡಲೇ ಗುರುತು ಹಿಡಿದರು. ಅವರ ಮನೆಯೂ ಹೀಗೇ ಅಲ್ವಾ. ಪಕ್ಕದ ಹೊಲದ ಅಜ್ಜಿ ಒಳಗೆಲ್ಲ ಸುತ್ತಿ ಬಂದು, "ಹಸ ಎಲ್ಲಿ ಕಟ್ತೀಯಮ್ಮ?" ಎಂದರು. ಕಾರ್ ಪಾರ್ಕಿಂಗ್ ಬಿಟ್ಟರೆ ಜಾಗವೇ ಇರಲಿಲ್ಲ. ಮೆದೆಗಿಲ್ಲ, ತಿಪ್ಪೆಗಿಲ್ಲ, ಕಣಕ್ಕಂತೂ ಇಲ್ಲವೇ ಇಲ್ಲ. ನಗರ ಎಲ್ಲಿಂದ ಶುರು ಅಂತ ಯಾರಾದರೂ ಕೇಳಿದರೆ ನಾನೀಗ ಅಜ್ಜಿಯ ಮಾತನ್ನೇ ಹೇಳುತ್ತೇನೆ.

ಮಾರನೇ ದಿನ ಆ ಪಾರ್ಕಿಂಗ್ ಜಾಗದಲ್ಲಿ ರಾಗಿ ಹುಲ್ಲಿನ ಮೆದೆ ಹಾಕಿ, ಅಜ್ಜಿಯ ಹಸುವನ್ನು ಅಲ್ಲೇ ಕಟ್ಟಿದೆವು. ಬಂದವರು ಜಾಸ್ತಿ ಹೊತ್ತು ನಿಂತದ್ದು ಅಲ್ಲಿಯೇ.

ನೀವೂ ಮಾಡುವುದಾದರೆ ಗೋಡೆ ಸಾಲಿಗೂ ರಾಗಿಗೂ ನಡುವೆ ಒಂದಡಿ ಬಿಡಿ. ಮೇಕೆ ನುಗ್ಗದಂತೆ ಬೇಲಿ ಹಾಕಿ. ರಾಗಿ, ತೊಗರಿ ಎರಡೂ ಹೊಲದವರಿಗೇ ಸೇರಬೇಕು ಅಂತ ಬಿತ್ತುವ ಮೊದಲೇ ಮಾತಾಡಿಕೊಳ್ಳಿ.