ಅಂಕ ಅಳಿಸಬೇಡಿ, ಕೊಟ್ಟವರನ್ನು ಕೇಳಿ: ನನ್ನ ಅನುಭವ

ನಮ್ಮ ಫೋಟೋಗ್ರಫಿ ಬಳಗದ ತಿಂಗಳ ಸ್ಪರ್ಧೆಗೆ ಸದಸ್ಯರೇ ಮೊಬೈಲ್‌ನಲ್ಲಿ 1ರಿಂದ 7ರವರೆಗೆ ಅಂಕ ಕೊಡುತ್ತಾರೆ, 7 ಅಂದರೆ ಅತ್ಯುತ್ತಮ. ತಪ್ಪು ಅಂಕಗಳನ್ನು ಸರಿಮಾಡೋಕೆ ಆಗೋದೇ ಇಲ್ಲ ಅಂತ ಹಿರಿಯರೆಲ್ಲ ಕೈಬಿಟ್ಟಿದ್ದರು. ಈಗ ಆಗಿದೆ. ಹತ್ತಿರ ಹತ್ತಿರ ಒಂದು ವರ್ಷದಿಂದ ಫಲಿತಾಂಶದ ಬಗ್ಗೆ ಒಂದೂ ತಕರಾರಿಲ್ಲ.

ಎಲ್ಲರೂ ಹೊಟ್ಟೆಕಿಚ್ಚನ್ನೇ ದೂರುತ್ತಿದ್ದರು. ಅಸಲಿ ಕಾರಣ ಬೇರೆ. ಹೊಸಬರಲ್ಲಿ ಹಲವರು ‘1’ ಅಂದರೆ ಮೊದಲ ಬಹುಮಾನ ಅಂದುಕೊಳ್ಳುತ್ತಾರೆ! ಕಬಿನಿಯ ಒಂದು ಒಳ್ಳೆಯ ಚಿರತೆ ಚಿತ್ರಕ್ಕೆ 6, 7ಗಳ ನಡುವೆ ನಾಲ್ಕೈದು 1 ಬಿದ್ದಿದ್ದವು. ಇದರ ಮೇಲೆ ಬೆರಳು ತಪ್ಪಿ ಒತ್ತಿದ ಅಂಕಗಳೂ ಇರುತ್ತವೆ.

ಮೊದಲು ಸರಾಸರಿ ಬಿಟ್ಟು ಮೀಡಿಯನ್, ಅಂದರೆ ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕ, ತೆಗೆದುಕೊಂಡೆವು. ಅರ್ಧದಷ್ಟು ಚಿತ್ರಗಳು 5ಕ್ಕೆ ಬಂದು ನಿಂತವು, ಗೆದ್ದವರು ಯಾರು ಅಂತಲೇ ಗೊತ್ತಾಗಲಿಲ್ಲ. ಆಮೇಲೆ ತುದಿಯ ಅಂಕಗಳನ್ನು ಕತ್ತರಿಸಿದೆವು. ಬೇಕೆಂದೇ ಕ್ಯಾಮೆರಾ ಅಲ್ಲಾಡಿಸಿ ತೆಗೆದ ಚಿತ್ರಗಳಿಗೆ ಇದರಿಂದ ಅನ್ಯಾಯವಾಯಿತು. ಅಂಥವಕ್ಕೆ ಮೆಚ್ಚಿದವರು 7, ಮೆಚ್ಚದವರು 2 ಕೊಡುವುದು ಸಹಜ ಅಲ್ವಾ? ಕೊನೆಗೆ ಒಬ್ಬರಿಗೆ ಸಾಫ್ಟ್‌ವೇರ್ ಮಾಡಿಕೊಡಿ ಅಂತ ಹನ್ನೆರಡು ಸಾವಿರದಷ್ಟು ಮುಂಗಡ ಕೊಟ್ಟೆವು. ಅದು 1 ಕಂಡಲ್ಲೆಲ್ಲ ಅಳಿಸುತ್ತಿತ್ತು, ಅಷ್ಟೇ. ದುಡ್ಡು ವಾಪಸ್ ಬರಲಿಲ್ಲ.

ನಾನು ಮಾಡಿದ್ದು ಇಷ್ಟು. ಚಿತ್ರ ನೋಡುವ ಬದಲು ಅಂಕ ಕೊಟ್ಟವರನ್ನು ನೋಡಿದೆ. ಒಬ್ಬರ ಎಲ್ಲ ಅಂಕಗಳನ್ನೂ ಉಳಿದವರ ಸರಾಸರಿಯ ಪಕ್ಕದಲ್ಲಿಟ್ಟು ಎಕ್ಸೆಲ್‌ನಲ್ಲಿ ಕೋರೆಲ್ (CORREL) ಸೂತ್ರ ಹಾಕಿದೆ. ಎರಡು ಸಾಲು ಅಂಕಗಳು ಒಟ್ಟಿಗೆ ಏರಿಳಿದರೆ ಅದರ ಉತ್ತರ 1ರ ಹತ್ತಿರ, ಒಂದು ಏರಿದಾಗ ಇನ್ನೊಂದು ಇಳಿದರೆ ಮೈನಸ್ 1ರ ಹತ್ತಿರ. ಇಪ್ಪತ್ತು ಚಿತ್ರಗಳಾದರೂ ಇರಬೇಕು, ಇಲ್ಲದಿದ್ದರೆ ನಂಬಬೇಡಿ. ಉತ್ತರ ಮೈನಸ್ 0.5ರ ಆಸುಪಾಸು ಬಂದರೆ ಅವರು ತಲೆಕೆಳಗಾಗಿ ಅಂಕ ಕೊಟ್ಟಿರುವ ಸಾಧ್ಯತೆ ಜಾಸ್ತಿ. ಅವರು ಹೌದೆಂದರೆ ಪ್ರತಿ ಅಂಕವನ್ನೂ 8ರಿಂದ ಕಳೆದರಾಯಿತು, 1 ಇದ್ದದ್ದು 7 ಆಗುತ್ತದೆ. ಈ ಲೆಕ್ಕ ಬಳಗದಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ.

ಬೆರಳು ತಪ್ಪಿದ್ದನ್ನು ಹಿಡಿಯಲು ಅವರವರ ರೂಢಿಯೇ ಅಳತೆ. ಸದಾ 3, 4 ಕೊಡುವವರ 2ರಲ್ಲಿ ವಿಶೇಷವಿಲ್ಲ. 5ಕ್ಕಿಂತ ಕೆಳಗಿಳಿಯದವರು 1 ಕೊಟ್ಟರೆ ಕೇಳಲೇಬೇಕು. ಎಷ್ಟು ದೂರ ಹೋದರೆ ಕೇಳುತ್ತೇನೆ ಅನ್ನುವ ಗೆರೆಯನ್ನು ಮಾತ್ರ ಹೇಳುವುದಿಲ್ಲ, ಗೊತ್ತಾದರೆ ಅದರೊಳಗೇ ಆಟ ಆಡುವವರಿದ್ದಾರೆ.

ಕೇಳುವಾಗ “ಸರ್, ಈ ಮೂರು ಚಿತ್ರಕ್ಕೆ ಇನ್ನೊಮ್ಮೆ ಅಂಕ ಕೊಡ್ತೀರಾ?” ಅಂತಷ್ಟೇ ಬರೆಯುತ್ತೇನೆ. ಅನುಮಾನ ಇರುವುದು ಒಂದರ ಮೇಲೆ, ಇನ್ನೆರಡು ಸುಮ್ನೆ. ಆ ಎರಡನ್ನು ಆರಿಸುವ ಬಗೆಯೂ ನನ್ನ ಹತ್ತಿರವೇ ಇರಲಿ. ಹಳೆಯ ಅಂಕ ತೋರಿಸುವುದಿಲ್ಲ, ತೆಗೆದವರ ಹೆಸರಂತೂ ಇಲ್ಲವೇ ಇಲ್ಲ. ಮತ್ತೆ 1 ಬಂದರೆ ಅದು ಅವರ ಅಭಿಪ್ರಾಯ, ಹಾಗೇ ಉಳಿಯಬೇಕು. ಅದನ್ನು ತಿದ್ದುವ ಹಕ್ಕು ನಮಗಿಲ್ಲ.

ಬಣ್ಣ ಕಾಣುವ ರೀತಿಯಿಂದಲೂ ಅಂಕ ತಪ್ಪುತ್ತದೆಯೇ ಅಂತ ನೋಡಲು ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಂದೇ ಭತ್ತದ ಗದ್ದೆಯ ಚಿತ್ರವನ್ನು ಎರಡು ಗುಂಪಿಗೆ ಕಳಿಸಿದೆ. ಒಂದು ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳು ಬಳಸುವ ಬಣ್ಣದ ವ್ಯವಸ್ಥೆ), ಇನ್ನೊಂದು ಪ್ರೊಫೈಲ್ (ಬಣ್ಣವನ್ನು ಹೇಗೆ ಓದಬೇಕೆಂದು ಹೇಳುವ ಗುರುತು) ಕಳಚಿದ ಅಡೋಬ್ ಆರ್‌ಜಿಬಿ (ಇನ್ನೂ ಹೆಚ್ಚು ಬಣ್ಣ ಹಿಡಿಯುವ ವ್ಯವಸ್ಥೆ). ಎರಡನೆಯದರಲ್ಲಿ ಹಸಿರು ಸತ್ತಂತೆ ಕಾಣುತ್ತಿತ್ತು, ಅಂಕವೂ ಸುಮಾರು ಒಂದು ಕಡಿಮೆ. ಅಂದಿನಿಂದ ಎಲ್ಲ ಚಿತ್ರಗಳನ್ನೂ ಎಸ್‌ಆರ್‌ಜಿಬಿಗೆ ಬದಲಿಸಿಯೇ ಸ್ಪರ್ಧೆಗೆ ಬಿಡುತ್ತೇವೆ.

ಈಗ ಖರ್ಚಿಲ್ಲ, ತಿಂಗಳಿಗೆ ಒಂದು ಸಂಜೆ ಸಾಕು. ಕೇಳುವುದನ್ನು ಮಾತ್ರ ಎರಡು ದಿನದೊಳಗೆ ಮುಗಿಸಿ. ಫಲಿತಾಂಶ ಹೊರಬಿದ್ದ ಮೇಲೆ ಯಾರೂ ಮನಸ್ಸಿಟ್ಟು ನೋಡುವುದಿಲ್ಲ.