ಹಾಟ್-ಕೋಲ್ಡ್ ಎಸಿ ಮತ್ತು 200 ಯೂನಿಟ್ ಲೆಕ್ಕ: ಬೀದರ್‌ದಾಗಿನ ನನ್ನ ಅನುಭವ

2024ರ ಜನವರಿಯಾಗ ನಮ್ ಮನ್ಯಾಗ ಎಸಿ ಹಚ್ಚಿಸ್ದೆ, ಒಂದೂವರಿ ಟನ್, ಇನ್ವರ್ಟರ್ (ರೂಮ್ ಥಂಡಿ ಆದಂಗ ಮೋಟರ್ ತಾನೇ ನಿಧಾನ ಆಗಾದು), 5 ಸ್ಟಾರ್, ಅದೂ ಬರೇ ಥಂಡಿ ಮಾಡಾದಲ್ಲ, ಹಾಟ್ ಅಂಡ್ ಕೋಲ್ಡ್ ಅಂತಾರಲ್ಲ ಅದು. ಬೀದರ್‌ದಾಗ ಹೀಟರ್ ಯಾಕ ಬೇಕಲೇ ಅಣ್ಣಾ ಅಂತ ಬೆಂಗಳೂರಾಗಿರೋ ನಮ್ ತಮ್ಮ ನಕ್ಕ. ಅಂವಗ ಇಲ್ಲಿ ಚಳಿ ಗೊತ್ತಿಲ್ಲಂತಲ್ಲ, ಮರ್ತಾನ. ಡಿಸೆಂಬರ್-ಜನವರಿ ನಸುಕಿನ್ಯಾಗ 10-15 ಡಿಗ್ರಿ, ಒಮ್ಮೊಮ್ಮೆ 10ಕ್ಕೂ ಕೆಳಗ, ಮ್ಯಾಲ ನೆಲ ಪೂರಾ ಫರ್ಸಿ ಕಲ್ಲು, ಅವ್ವನ ಮೊಣಕಾಲು ಹಿಡ್ಕೊಂಡ್ರ ಮಧ್ಯಾಹ್ನ ಆಗೋ ತನಕ ಬಿಡ್ತಿರ್ಲಿಲ್ಲ. ಹಿಂದಿನ ವರ್ಷ ಕಾಯಿಲ್ ಹೀಟರ್ ತಂದಿದ್ದೆ, 2000 ವ್ಯಾಟ್, ಮೂರು ತಾಸು ಹಚ್ಚಿದ್ರ 6 ಯೂನಿಟ್ ನುಂಗ್ತಿತ್ತು, ಮ್ಯಾಲ ಮಗ್ಗಲದಾಗ ಕುಂತವ್ರಿಗಷ್ಟೇ ಬೆಚ್ಚಗ.

ಈಗ 200ರ ಮಾತು. ಸರ್ಕಾರದ ಫ್ರೀ ಕರೆಂಟಿನ ಗೃಹಜ್ಯೋತಿ ಬಂದ ಮ್ಯಾಲ ನಮ್ಮ ಹಳೇ ಸರಾಸರಿ ಲೆಕ್ಕದಾಗ ನಮಗ ಫ್ರೀ ಸಿಗಾದು 100 ಯೂನಿಟ್ ಹತ್ರ. ಅದರ ಮ್ಯಾಲಿಂದಕ್ಕ ರೊಕ್ಕ ಕಟ್ಟಬೇಕು, ಅದೇನ್ ದೊಡ್ಡದಲ್ಲ, ಆದ್ರ ತಿಂಗಳಿಗೆ 200 ದಾಟ್ತಂದ್ರ ಪೂರಾ ಬಿಲ್ ನಮ್ಮ ತಲಿ ಮ್ಯಾಲ. ಎಸಿ ಬಿಟ್ಟು ನಮ್ ಮನಿ ಖರ್ಚು ಬ್ಯಾಸಗ್ಯಾಗ 90. ಅಂದ್ರ ಎಸಿಗೆ ಉಳಿಯಾದು 110, ದಿನಕ್ಕ ಮೂರೂವರಿ ಯೂನಿಟ್. ಮೊದಲನೇ ಏಪ್ರಿಲ್‌ದಾಗ ನಮ್ಮ ಎಸಿ ರಾತ್ರಿಗೆ 7 ಯೂನಿಟ್ ತಿಂದು, ತಿಂಗಳ ಕೊನೆಗೆ 300 ಯೂನಿಟ್‌ದ ಬಿಲ್ ಕೈಯಾಗ ಬಂತು. ಮಾರಿದವ್ನು ಶೋರೂಮ್‌ದಾಗ "ಸರ್ 5 ಸ್ಟಾರ್ ಅದ, ಬಿಲ್ಲೇ ಬರಂಗಿಲ್ಲ" ಅಂದಿದ್ದ. ಬಂತಪ್ಪ.

ಅಲ್ಲಿಂದ ನಾನು ಇದರ ಬೆನ್ನು ಹತ್ತೀನಿ. ಮೊದಲು ತಿಳ್ಕೊಂಡಿದ್ದು ಏನಂದ್ರ ಎಸಿ ಥಂಡಿ ತಯಾರ್ ಮಾಡಂಗಿಲ್ಲ, ಒಳಗಿನ ಜಳ ಎತ್ತಿ ಹೊರಗ ಚೆಲ್ತದ, ಅಷ್ಟೇ ಅದರ ಕೆಲಸ. ಚಳಿಗಾಲದಾಗ ಒಳಗಿರೋ ಫೋರ್-ವೇ ವಾಲ್ವ್ (ಗ್ಯಾಸ್ ಹರಿಯೋ ದಿಕ್ಕು ಬದಲಿಸಾದು) ತಿರುಗ್ತದ, ಆಗ ಹೊರಗಿನ ಗಾಳ್ಯಾಗಿನ ಜಳ ಎತ್ತಿ ಒಳಗ ತರ್ತದ. ಹತ್ತು-ಹದಿನೈದು ಡಿಗ್ರಿ ಗಾಳ್ಯಾಗ ಎಲ್ಲಿ ಜಳ ಅಂತ ನಮ್ಮ ಕಾಕಾ ಕೇಳ್ದ, ಇರ್ತದ ಕಾಕಾ, ಎಸಿ ಪೈಪಿನ್ಯಾಗ ಸುತ್ತೋ, ಅದಕ್ಕಿಂತ ಥಂಡಿ ಇರೋ ಗ್ಯಾಸಿಗೆ ಅದೂ ಬೆಚ್ಚಗೇ. ಹಂಗಾಗಿ ಇದು ಬಾವಿಗೆ ಇಳಿಸಿದ ಮೋಟರ್ ಇದ್ದಂಗ. ಬಾವಿ ಮ್ಯಾಲೇ ನೀರಿದ್ರ ಸಣ್ಣ ಮೋಟರ್ ಆರಾಮ ಎತ್ತಿ ಹಾಕ್ತದ, ಆಳ ಹೋದಷ್ಟೂ ಕರೆಂಟ್ ಜಾಸ್ತಿ. ಎಸಿಗೂ ಹಂಗೇ, ಒಳಗಿನ ಡಿಗ್ರಿಗೂ ಹೊರಗಿನ ಡಿಗ್ರಿಗೂ ಎಷ್ಟು ಅಂತರವೋ ಅಷ್ಟು ಆಳ. ಅಂತರ ಕಮ್ಮಿ ಇದ್ರ ಒಂದು ಯೂನಿಟ್ ಕರೆಂಟಿಗೆ ಮೂರ್ನಾಲ್ಕು ಯೂನಿಟ್ ಜಳ ಎತ್ತತದ, ಕಾಯಿಲ್ ಹೀಟರ್ ಎಷ್ಟೇ ಹೊಯ್ಕೊಂಡ್ರೂ ಒಂದಕ್ಕ ಒಂದೇ. ಆಮ್ಯಾಲ ಮಾಡಿದ್ದೆಲ್ಲಾ ಈ ಆಳ ಕಮ್ಮಿ ಮಾಡೋ ಕೆಲಸನೇ. ನಮ್ಮ ಊರಾಗಿನ ಬಹಮನಿ ಕಾಲದ ಸುರಂಗ ಬಾವಿ ನೋಡಿದ್ರ ಗೊತ್ತಾಗ್ತದ, ನೀರನ್ನ ಊರ ತನಕ ತರ್ಲಾಕ ಎತ್ತೋ ಗೋಜಿಗೇ ಹೋಗಿಲ್ಲ ಅವ್ರು, ಇಳಿಜಾರಿನ ಮ್ಯಾಲ ತಾನೇ ಹರ್ಕೊಂಡು ಬರಂಗ ಮಾಡ್ಯಾರ.

ಯಾವುದು ಫರಕ್ ಮಾಡ್ತದ ಯಾವುದು ಮಾಡಂಗಿಲ್ಲ ಅಂತ ತಿಂಗಳ ಬಿಲ್ ನೋಡ್ಕೋತ ಕುಂತ್ರ ಬ್ಯಾಸಗಿ ಮುಗೀತದ. ಹಂಗಾಗಿ ಮೀಟರ್ ಮ್ಯಾಲಿನ ಕೆಂಪು ಲೈಟ್ ಹಿಡ್ದೆ. ನಮ್ಮ ಮೀಟರ್ ಮ್ಯಾಲ 3200 ಅಂತ ಬರ್ದಾರ, ಅಂದ್ರ ಅದು 3200 ಸಲ ಮಿಣುಕಿದ್ರ ಒಂದು ಯೂನಿಟ್ (ಕೆಲವು ಮೀಟರ್‌ನಾಗ 1600 ಇರ್ತದ, ನಿಮ್ದು ನೋಡ್ಕೋರಿ). ಒಂದು ನಿಮಿಷದಾಗ ಎಷ್ಟು ಸಲ ಮಿಣುಕ್ತು ಅಂತ ಎಣಿಸಿ 18.75ರಿಂದ ಗುಣಿಸಿದ್ರ ಆ ಹೊತ್ತಿನ ವ್ಯಾಟ್ ಸಿಕ್ತು, 1600 ಇದ್ರ 37.5ರಿಂದ ಗುಣಿಸ್ರಿ. ಫ್ರಿಜ್‌ದ ಪ್ಲಗ್ ತೆಗದು, ಲೈಟು ಫ್ಯಾನು ಬಂದ್ ಮಾಡಿ, ಎಸಿ ಒಂದೇ ಚಾಲೂ ಇಟ್ಟು, ರಾತ್ರಿ ಹತ್ತಕ್ಕ ಮೊಬೈಲ್ ಟಾರ್ಚ್ ಹಿಡ್ಕೊಂಡು ಮೀಟರ್ ಮುಂದ ನಿಂತಿದ್ದೆ, ಬಾಜು ಮನ್ಯವ್ರು ಮೀಟರ್ ಏನರ ಮಾಡ್ಲಾಕತ್ತಾನ ಅಂತ ನೋಡಿ ಹೋದ್ರು. 62 ಸಲ. ಅಂದ್ರ 1160 ವ್ಯಾಟ್, ಅದೂ ಎಸಿ ಹಚ್ಚಿ ಎರಡು ತಾಸಾದ ಮ್ಯಾಲ. ಆ ಹೊತ್ತಿಗೆ ಇನ್ವರ್ಟರ್ ಕಂಪ್ರೆಸರ್ ನಿಧಾನಕ್ಕ ಬಂದಿರಬೇಕಿತ್ತು, ಇದು ಇನ್ನೂ ಓಡ್ಲಾಕತ್ತಿತ್ತು.

ಯಾಕಂತ ಗೊತ್ತಾಗಿದ್ದು ಮರುದಿನ, ಮತ್ತ ಆ ತಪ್ಪು ನಂದೇ. ನಮ್ಮ ಕಡಿ ಮಂಗ್ಯಾಗಳ ಕಾಟ ಭಾಳ. ಔಟ್‌ಡೋರ್ ಯೂನಿಟ್ ಮ್ಯಾಲ ಕುಂತು ಪೈಪಿನ ಕಪ್ಪು ಫೋಮ್ ಕಿತ್ತು ಒಗಿತಾವ ಅಂತ ವೆಲ್ಡಿಂಗ್‌ನವ್ನ ಕರೆಸಿ ಮೂರೂ ಕಡಿ ತಗಡು, ಮುಂದ ಸಣ್ಣ ಸಣ್ಣ ಜಾಳಿಗಿ, ಮ್ಯಾಲೂ ತಗಡು, ಛಲೋ ಪೆಟ್ಟಿಗಿ ಮಾಡಿಸಿದ್ದೆ. ನಾಲ್ಕು ಸಾವಿರ ಕೊಟ್ಟು. ಅಕ್ವೇರಿಯಂದು ವೈರ್ ಇರೋ ಥರ್ಮಾಮೀಟರ್ ತಂದು ಯೂನಿಟ್ ಹಿಂದ, ಗಾಳಿ ಒಳಗ ಹೋಗೋ ಕಡಿ, ತೂಗ ಹಾಕ್ದೆ. ಮಧ್ಯಾಹ್ನ ಮೂರಕ್ಕ ಹೊರಗ ನೆರಳಿನ್ಯಾಗ 41 ಇದ್ರ ಪೆಟ್ಟಿಗಿ ಒಳಗ 51. ಮುಂದ ಉಗುಳಿದ ಬಿಸಿ ಗಾಳಿ ಜಾಳಿಗಿಗೆ ಬಡದು ಹೊಳ್ಳಿ ಹಿಂದ ಬಂದು ಮತ್ತ ಅದೇ ಒಳಗ ಹೋಗ್ಲಾಕತ್ತಿತ್ತು. ಬಾವಿ ನಾನೇ ಹತ್ತು ಡಿಗ್ರಿ ಆಳ ತೋಡಿದ್ದೆ. ಪೆಟ್ಟಿಗಿ ಕಿತ್ತಿಸಿ, ಗ್ವಾಡಿಯಿಂದ ಒಂದು ಗೇಣು ಮುಂದ ಸರಿಸಿ, ಎದುರಿಗೆ ಮೂರು ಅಡಿ ಖಾಲಿ ಬಿಟ್ಟು, ಮ್ಯಾಲ ಮಾತ್ರ ಎರಡು ಅಡಿ ಎತ್ತರಕ್ಕ ಬಿಸಲಿಗೆ ಒಂದು ಶೀಟ್ ಹೊಂದಿಸ್ದೆ. ಅವತ್ತು ರಾತ್ರಿ ಅದೇ ಹೊತ್ತಿಗೆ ಎಣಿಸಿದ್ರ 41 ಸಲ. ಇಷ್ಟೇ ಕೆಲಸ, 390 ವ್ಯಾಟ್ ಉಳೀತು. ಎಲ್ಲರ ಮನ್ಯಾಗೂ ನೋಡ್ತೀನಿ, ಯೂನಿಟ್ ಡಕ್ಟ್‌ನಾಗ ತುರುಕಿರ್ತಾರ, ಬಾಲ್ಕನಿ ಗ್ರಿಲ್‌ಗೆ ಬಡಿದಿರ್ತಾರ, ಕಣ್ಣಿಗೆ ಕಾಣಬಾರದಂತ, ಆಮ್ಯಾಲ ಕಂಪನಿಗೆ ಬೈತಾರ.

ಇಷ್ಟಕ್ಕ ಸುಮ್ಮನ ಇರಬೇಕಿತ್ತು, ಹುರುಪಿಗೆ ಬಿದ್ದು ಇನ್ನೊಂದು ಮಾಡ್ದೆ. ಕೂಲರ್ ಹುಲ್ಲಿನ ಪ್ಯಾಡ್ ಯೂನಿಟ್ ಹಿಂದ ನಿಲ್ಲಿಸಿ ನೀರು ಬಿಟ್ಟೆ. ಒಣ ಬ್ಯಾಸಗಿ ಅಲ್ಲೇನು, ಖರೇನೇ ಗಾಳಿ 41ರಿಂದ 32ಕ್ಕ ಇಳೀತು, ಮಿಣುಕೂ ಕಮ್ಮಿ ಆದವು, ನಾನು ಊರಿಗೆಲ್ಲಾ ಹೇಳ್ದೆ. ಇಪ್ಪತ್ತು ದಿನಕ್ಕ ಯೂನಿಟ್ ಹಿಂದಿನ ಅಲ್ಯೂಮಿನಿಯಂ ಜಾಲಿ ಮ್ಯಾಲ ಸುಣ್ಣ ಬಳದಂಗ ಬಿಳಿ ಪದರು. ಬೋರ್ ನೀರು, ಗಡಸು, ಹನಿ ಹಾರಿದಲ್ಲೆಲ್ಲಾ ಉಪ್ಪು ಕುಂತು ಗಾಳಿ ಹೋಗೋ ಸಂದಿನೇ ಮುಚ್ಚಿತ್ತು. ತೊಳೆಸ್ಲಾಕ ಎಂಟುನೂರು ಹೋಯ್ತು, ಕೆಲವು ಪಟ್ಟಿ ಈಗಲೂ ಬೆಳ್ಳಗವ. ನಿಮ್ಮ ಮನ್ಯಾಗ ಬೋರ್ ನೀರಿದ್ರ ಈ ಉಸಾಬರಿಗೆ ಹೋಗಬ್ಯಾಡ್ರಿ.

ಮುಂದ ಮಾಳಗಿ. ನಮ್ಮ ಹಳೇ ಮನಿ ಜಂಬಿಟ್ಟಿಗಿ ಗ್ವಾಡಿ, ಎರಡು ಅಡಿ ದಪ್ಪ, ಅಲ್ಲಿ ಮೇ ತಿಂಗಳದಾಗೂ ಫ್ಯಾನ್ ಸಾಕು. ಎಸಿ ಇರಾದು ಹಿಂದ ಕಟ್ಟಿಸಿದ ಸ್ಲ್ಯಾಬ್ ರೂಮಿನ್ಯಾಗ, ಪಡುವಣ ದಿಕ್ಕಿಗೆ ಖಿಡಕಿ. ಕೊರೊನಾ ಟೈಮಿನ್ಯಾಗ ಹಣಿಗೆ ಹಿಡೀತಿದ್ವಲ್ಲ ಆ ಗನ್ನಿಗೆ ಸರ್ಫೇಸ್ ಮೋಡ್ ಅಂತ ಇರ್ತದ, ಅದನ್ನ ರಾತ್ರಿ 9ಕ್ಕ ಸೀಲಿಂಗಿಗೆ ಹಿಡ್ದೆ, 41 ತೋರಿಸ್ತು. ಹೊರಗ ಗಾಳಿ 31ಕ್ಕ ಇಳಿದದ, ನೆತ್ತಿ ಮ್ಯಾಲಿನ ಸ್ಲ್ಯಾಬ್ ಇನ್ನೂ ತವಿ ಇದ್ದಂಗ. ಹಗಲೆಲ್ಲಾ ಕುಡದ ಬಿಸಲು ರಾತ್ರಿ ಕಕ್ತದ, ಎಸಿ ಅದನ್ನ ಹೊತ್ತು ಹೊತ್ತು ಹೊರಗ ಹಾಕ್ತದ. ಮಾಳಗಿ ಮ್ಯಾಲ ಎರಡು ಕೈ ಸುಣ್ಣ ಹೊಡೆಸ್ದೆ, ಹಿಡ್ಕೊಳ್ಳಲಿ ಅಂತ ಜರಾ ಫೆವಿಕಾಲ್ ಕಲಿಸಿ. ಅದೇ ಹೊತ್ತಿಗೆ 35 ಆಯ್ತು. ಮಳಿಗಾಲದಾಗ ಅರ್ಧ ತೊಳಕೊಂಡು ಹೋಗ್ತದ, ವರ್ಷಾ ಮಾರ್ಚ್‌ದಾಗ ಮತ್ತ ಹೊಡೀಬೇಕು. ಖಿಡಕಿಗೆ ಒಳಗ ಪರದೆ ಹಾಕಾದು ಬಿಟ್ಟು ಹೊರಗ ಬಿದಿರಿನ ಚಿಕ್ಕು (ಸುತ್ತಿ ಮ್ಯಾಲೆತ್ತೋ ಪರದೆ) ಇಳಿಬಿಟ್ಟೆ, ಬಿಸಲು ಗಾಜು ದಾಟಿ ಒಳಗ ಬಂದ ಮ್ಯಾಲ ಪರದೆ ಏನ್ ಮಾಡ್ತದ.

ರಿಮೋಟ್ ಮ್ಯಾಲ ಜಾಸ್ತಿ ಹೇಳಾದಿಲ್ಲ. 2020ರಿಂದ ಎಸಿಗಳು ಬರುವಾಗಲೇ 24ಕ್ಕ ಸೆಟ್ ಆಗಿ ಬರ್ತಾವ, ಒಂದು ಡಿಗ್ರಿ ಏರಿಸಿದ್ರ ಶೇಕಡಾ 6ರಷ್ಟು ಕರೆಂಟ್ ಉಳೀತದ ಅಂತ ಸ್ಟಾರ್ ಕೊಡೋ ಸರ್ಕಾರಿ ಸಂಸ್ಥೆ ಬಿಇಇಯವ್ರೇ ಹೇಳ್ತಾರ. ನಾನು 27 ಇಟ್ಟು ಮ್ಯಾಲ ಬಿಎಲ್‌ಡಿಸಿ (ಕಮ್ಮಿ ಕರೆಂಟಿನ) ಫ್ಯಾನ್ ನಿಧಾನಕ್ಕ ಹಚ್ತೀನಿ, ಫ್ಯಾನ್ 30 ವ್ಯಾಟ್ ಒಳಗೇ ಹೋಗ್ತದ. ಲಗೂ ಥಂಡಿ ಆಗ್ಲಿ ಅಂತ 18 ಹಚ್ಚಾದು ನಮ್ಮ ಮಗನ ಚಟ, ಹಚ್ಚಿ ಮಲ್ಕೋತಾನ, ನಡುರಾತ್ರಿ ಚಾದರ ಹುಡುಕ್ತಾನ. ಎಸಿ ಫ್ಯಾನ್ ಮಾತ್ರ ಲೋ ಇಡಬ್ಯಾಡ್ರಿ, ಗಾಳಿ ಜಾಸ್ತಿ ಹಾದಷ್ಟೂ ಒಳಗಿನ ಕಾಯಿಲ್ ಅಷ್ಟು ಥಂಡಿ ಆಗೋ ಅವಶ್ಯಕತೆ ಇರಂಗಿಲ್ಲ, ಅದೂ ಆಳ ಕಮ್ಮಿ ಮಾಡಿದಂಗೇ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗ.

ಇನ್ನ ಕೂಲರ್. ನಮ್ಮ ಕಡಿ ಮಾರ್ಚ್-ಏಪ್ರಿಲ್‌ದಾಗ ಹಗಲಿಗೆ ಕೂಲರ್‌ದಷ್ಟು ಛಲೋ ಯಾವುದೂ ಇಲ್ಲ, ನಾನು ಎಸಿ ಹಚ್ಚಾದು ರಾತ್ರಿಗಷ್ಟೇ. ಆದ್ರ ಎರಡೂ ಒಟ್ಟಿಗೆ ಬ್ಯಾಡ. ಪಡಸಾಲ್ಯಾಗ ಕೂಲರ್, ನಡುವ ಬಾಗಲ ತೆರದದ, ರೂಮಿನ್ಯಾಗ ಎಸಿ, ಹಿಂಗ ಒಂದು ರಾತ್ರಿ ನಡೀತು. ಏಪ್ರಿಲ್‌ದಾಗ ಎಸಿ ಪೈಪಿನಿಂದ ರಾತ್ರಿ ಪೂರಾ ಒಂದು ಚೊಂಬು ನೀರು ಬಿದ್ರ ಹೆಚ್ಚು, ಅವತ್ತು ಮುಂಜಾನಿ ನೋಡಿದ್ರ ಅರ್ಧ ಬಕೆಟ್. ಕೂಲರ್ ಗಾಳ್ಯಾಗ ಬಿಟ್ಟ ನೀರನ್ನ ಎಸಿ ಹಿಂಡಿ ಹಿಂಡಿ ಹೊರಗ ಹಾಕ್ಯಾದ. ಒಂದು ಲೀಟರ್ ನೀರಿನಷ್ಟು ಆವಿ ಹೊಳ್ಳಿ ನೀರು ಆಗುವಾಗ ಒಂದು ಯೂನಿಟ್‌ದ ಮೂರರಾಗ ಎರಡು ಪಾಲಿನಷ್ಟು ಜಳ ಬಿಡ್ತದ, ಅದೆಲ್ಲಾ ಎಸಿ ತಲಿ ಮ್ಯಾಲೇ.

ಗ್ಯಾಸಿನ ಬಗ್ಗೆ ಸಿಟ್ಟಿನಿಂದ ಬರೀಲಾಕತ್ತೀನಿ. ಸರ್ವಿಸಿಗೆ ಬಂದ ಹುಡುಗ ಪೈಪ್ ಮುಟ್ಟಿ ನೋಡಿ "ಸರ್ ಗ್ಯಾಸ್ ಕಮ್ಮಿ ಅದ, ವರ್ಷಕ್ಕೊಮ್ಮೆ ತುಂಬಿಸಬೇಕು" ಅಂದ. ಗ್ಯಾಸ್ ಪೆಟ್ರೋಲ್ ಇದ್ದಂಗ ಖರ್ಚು ಆಗಂಗಿಲ್ರೀ, ಅದು ಅಲ್ಲೇ ಸುತ್ತತಾ ಇರ್ತದ. ಕಮ್ಮಿ ಆಗ್ಯಾದಂದ್ರ ಎಲ್ಲೋ ಸೋರ್ಲಾಕತ್ತದ. ಸಾಬೂನಿನ ನೊರೆ ಹಚ್ಚಿ ತೋರ್ಸಪ್ಪ ಅಂದೆ, ಹಚ್ಚಿದ್ರ ಔಟ್‌ಡೋರ್ ಕಡಿ ಒಂದು ನಟ್ಟಿನ್ಯಾಗ ಬುಗ್ಗಿ ಎದ್ದವು, ಮೊದಲು ಹಚ್ಚಿದವ್ನು ಪೈಪಿನ ಬಾಯಿ ನೆಟ್ಟಗ ಅಗಲಿಸಿರಲಿಲ್ಲ. ಅದನ್ನ ಹೊಸದಾಗಿ ಮಾಡಿಸಿ, ವ್ಯಾಕ್ಯೂಮ್ ಪಂಪ್ ಅರ್ಧ ತಾಸು ಓಡಿಸಿ, ಯೂನಿಟ್ ಮ್ಯಾಲಿನ ಪಟ್ಟಿಯಾಗ ಬರ್ದಷ್ಟೇ ಗ್ರಾಂ ಆರ್-32 ಗ್ಯಾಸ್ ತೂಕ ಮಾಡಿ ತುಂಬಿಸಿದ್ವಿ. ತಕ್ಕಡಿ ಇಲ್ಲದವ್ನ ಕೈಲಿ ಗ್ಯಾಸ್ ತುಂಬಿಸಬ್ಯಾಡ್ರಿ. ಅಂದಾಜಿನ ಮ್ಯಾಲ ತುಂಬಿದ್ರ ಕಮ್ಮಿ ಆದ್ರೂ ಲುಕ್ಸಾನು, ಜಾಸ್ತಿ ಆದ್ರೂ ಲುಕ್ಸಾನು.

ಇಷ್ಟೆಲ್ಲಾ ಆದ ಮ್ಯಾಲ 2025ರ ಮೇದಾಗ ಅದೇ ರಾತ್ರಿ ಹತ್ತರ ಹೊತ್ತಿಗೆ ಮಿಣುಕು 24, ಅಂದ್ರ 450 ವ್ಯಾಟ್. ನಸುಕಿನ ಮೂರಕ್ಕ ಹೊರಗೇ 27 ಆಗಿರ್ತದ, ಟೈಮರ್‌ಗೆ ಎಸಿ ಬಂದ್ ಆಗ್ತದ, ಎದ್ದು ಖಿಡಕಿ ತೆರೀತೀನಿ. ರಾತ್ರಿಗೆ 3.3 ಯೂನಿಟ್. ಮೇ ಬಿಲ್ 194 ಯೂನಿಟ್. ಒಂದು ರಾತ್ರಿ ಬೀಗರು ಬಂದು ಎರಡು ದಿನ ಜಾಸ್ತಿ ಉಳಿದಿದ್ರ ದಾಟ್ತಿತ್ತು, ಅದು ಬ್ಯಾರೆ ಮಾತು.

ಚಳಿಗಾಲದಾಗ ಲೆಕ್ಕ ಉಲ್ಟಾ, ಆದ್ರ ಬಾವಿ ಅದೇ. ಮೊದಮೊದಲು ಅವ್ವ ಏಳಾಕ ಮುಂಚೆ ನಸುಕಿನ ಐದಕ್ಕ ಹೀಟ್ ಹಚ್ತಿದ್ದೆ, ಅಂದ್ರ ಹೊರಗ ದಿನದಾಗೇ ಎಲ್ಲಕ್ಕಿಂತ ಥಂಡಿ ಇರೋ ಹೊತ್ತಿಗೆ, ರೂಮ್ ಗ್ವಾಡಿ ಎಲ್ಲಾ ಆರಿ ಹೋದ ಮ್ಯಾಲ. ಎರಡು ತಾಸು ಅದು ಹೊಯ್ಕೊಂಡಿದ್ದೇ ಹೊಯ್ಕೊಂಡಿದ್ದು. ಈಗ ಮಧ್ಯಾಹ್ನ 28ರ ಬಿಸಲಿಗೆ ಚಿಕ್ಕು ಮ್ಯಾಲೆತ್ತಿ ಖಿಡಕಿ ತೆರದು ಇಡ್ತೀನಿ, ಸಂಜಿ ಐದಕ್ಕ ಎಲ್ಲಾ ಮುಚ್ಚಿ, ಎಂಟಕ್ಕ 22ಕ್ಕ ಹೀಟ್ ಹಚ್ತೀನಿ, ಆಗ ಹೊರಗ ಇನ್ನೂ 18 ಇರ್ತದ. ಮೊದಲ ಇಪ್ಪತ್ತು ನಿಮಿಷ ಜೋರು, ಆಮ್ಯಾಲ ಮಿಣುಕು 17-18, ಮುನ್ನೂರು ಚಿಲ್ಲರ್ ವ್ಯಾಟ್. ಹಾಸಗಿ ಬೆಚ್ಚಗಾದ ಮ್ಯಾಲ 20ಕ್ಕ ಇಳಿಸಿ ಬಿಡ್ತೀನಿ, ನಸುಕಿನ ತನಕ ತಾನೇ ಮೆಲ್ಲಗ ಸಂಭಾಳಿಸ್ತದ, ಎಲ್ಲಾ ಸೇರಿ ರಾತ್ರಿಗೆ ಎರಡು ಯೂನಿಟ್ ಆಸುಪಾಸು. ಒಂದು ತೊಂದ್ರಿ ಅದ, ಎಸಿ ಇರಾದು ಗ್ವಾಡಿ ಮ್ಯಾಲ, ಬಿಸಿ ಗಾಳಿ ಸೀಲಿಂಗಿಗೆ ಹೋಗಿ ಕುಂದರ್ತದ, ಅವ್ವನ ಕಾಲು ಕೆಳಗ ಫರ್ಸಿ ಮ್ಯಾಲ. ಎಸಿ ಬಾಯಾಗಿನ ರೆಕ್ಕಿ ಪೂರಾ ಕೆಳಮುಖ ಮಾಡಿ, ಸೀಲಿಂಗ್ ಫ್ಯಾನ್ ಎಲ್ಲಕ್ಕಿಂತ ಕಮ್ಮಿ ಸ್ಪೀಡಿಗೆ ಹಚ್ಚಿ, ನೆಲಕ್ಕ ಜಮಖಾನ ಹಾಸಿದ್ವಿ. ಜಮಖಾನದ್ದೇ ಹೆಚ್ಚು ಫರಕ್ ಅಂತಾಳ ಅವ್ವ, ಇರಬಹುದು.

ಮಂಗ್ಯಾಗಳು ಮತ್ತ ಬಂದಾವ. ಪೈಪಿಗೆ ಫೋಮ್ ಹೊಸದು ಹಾಕಿ ಮ್ಯಾಲ ಪಿವಿಸಿ ಪೈಪ್ ಸೀಳಿ ಹೊದಿಸೀನಿ, ಹಂಗಾಗಿ ಕೀಳಾಕ ಆಗಂಗಿಲ್ಲ. ಜನವರಿ ಚಳಿಗೆ ಯೂನಿಟ್ ಎದುರು ಬಂದು ಕುಂದರ್ತಾವ, ಬ್ಯಾಸಗ್ಯಾಗ ಬಿಸಿ ಗಾಳಿ ಬಂದಿದ್ದು ನೆಪ್ಪದ ಅವಕ್ಕ, ಆದ್ರ ಹೀಟ್ ಮೋಡ್‌ನಾಗ ಹೊರಗಿನ ಯೂನಿಟ್ ಉಗುಳಾದು ಥಂಡಿ ಗಾಳಿ. ಒಂದೆರಡು ನಿಮಿಷ ಕುಂತು, ನನ್ನ ಕಡಿ ಒಮ್ಮೆ ಕೆಕ್ಕರಿಸಿ ನೋಡಿ, ಬಾಜು ಮನಿ ಮಾಳಗಿಗೆ ಹೋಗ್ತಾವ.